ಪುರಸಭೆಯಲ್ಲಿ ದುಡ್ಡಿಲ್ಲವಂತೆ, ಮಾರ್ಚ್ ನಂತರ ಹೊರಗುತ್ತಿಗೆಯವರನ್ನು ತೆಗೆಯುತ್ತಾರಂತೆ. ಈಗಲೇ ಬೇರೆ ಕೆಲಸ ಹುಡುಕಲಾ?

ನೀವು ಕೇಳಿದ್ದು ಬೇರೆ ಕೆಲಸ ಹುಡುಕಬೇಕಾ, ಮಾರ್ಚ್ ತನಕ ಕಾಯಬೇಕಾ ಅಂತ. ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ಸುಮ್ನೆ ಹೇಳಿದ ಹಾಗೆ ಇನ್ನೊಂದು ಬರೆದಿದ್ದೀರಿ: ಏಜೆನ್ಸಿಯವರು ಯಾವುದೋ ಫಾರ್ಮಿಗೆ ಸಹಿ ಕೇಳಿದ್ದಾರೆ ಅಂತ. ಆ ಸಹಿ ಹಾಕಬೇಡಿ. ಉಳಿದದ್ದು ಆಮೇಲೆ.

ನಾನೂ ನಿಮ್ಮ ಹಾಗೆಯೇ ಪುರಸಭೆಯ ಕಂದಾಯ ವಿಭಾಗದಲ್ಲಿ ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೇ ಒಂದು ಊರು, ಹೆಸರು ಬೇಡ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಎಲ್ಲದರ ಚಲನ್ ನನ್ನ ಟೇಬಲ್ ಮೇಲಿಂದಲೇ ಹೋಗುತ್ತಿತ್ತು. ನಮ್ಮ ಕಡೆ ಒಂದು ವಿಶೇಷ ಇದೆ, ನಿಮಗೂ ಗೊತ್ತಿರುತ್ತದೆ. ಬೀಗ ಹಾಕಿದ ಮನೆಗಳು ಜಾಸ್ತಿ. ಮಾಲೀಕರು ಮುಂಬೈ, ಗೋವಾ ಇಲ್ಲವೇ ಗಲ್ಫ್‌ನಲ್ಲಿ. ಬಿಲ್ ಕಲೆಕ್ಟರ್ ಹೋದರೆ ಗೇಟಿಗೆ ನೋಟಿಸ್ ಸಿಕ್ಕಿಸಿ ಬರುತ್ತಿದ್ದರು, ಅದು ಮಳೆಗೆ ತೊಯ್ದು ಹೋಗುತ್ತಿತ್ತು. ನಾನು ಅವರೆಲ್ಲರ ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅಕ್ಕಪಕ್ಕದವರ ಹತ್ತಿರ, ಅಂಗಡಿಯವರ ಹತ್ತಿರ ಕೇಳಿ ಕೇಳಿ ಸೇರಿಸಿದ್ದು. ಚೌತಿಗೆ ಊರಿಗೆ ಬರುವವರು ಯಾರು, ಮೇ ರಜೆಗೆ ಬರುವವರು ಯಾರು, ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ ಅಂತ ಫೋನ್ ಮಾಡಿ ಹೇಳಿದರೆ ಕೂಡಲೇ ಕಟ್ಟುವವರು ಯಾರು, ಎಲ್ಲ ನನಗೆ ಬಾಯಿಪಾಠ. ಆ ಕೆಲಸ ನನಗೆ ತುಂಬಾ ಇಷ್ಟ ಇತ್ತು.

ಆಮೇಲೆ ‘ದುಡ್ಡಿಲ್ಲ’ ಶುರುವಾಯಿತು. ಹೆಸ್ಕಾಂ ಕರೆಂಟ್ ಬಿಲ್ ಬಾಕಿ, ಟ್ಯಾಂಕರ್ ನೀರಿನವರ ಬಿಲ್ ಬಾಕಿ, ನಮ್ಮ ಸಂಬಳ ಎರಡು ಮೂರು ತಿಂಗಳು ತಡ. ಆ ವರ್ಷವೂ ಸಭೆಯಲ್ಲಿ ಮಂಡಿಸಿದ್ದು ಮಾತ್ರ ಉಳಿತಾಯ ಬಜೆಟ್ಟೇ. ಅದು ಹೇಗೆ ಅಂತ ಆಗ ನನಗೆ ಅರ್ಥ ಆಗುತ್ತಿರಲಿಲ್ಲ, ಈಗ ಆಗುತ್ತದೆ. ಬಜೆಟ್ಟಿನಲ್ಲಿ ಕಾಣುವ ಕೋಟಿಗಳಲ್ಲಿ ದೊಡ್ಡ ಪಾಲು ಅನುದಾನ. ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡು 2021-22ರಿಂದ 2025-26ರವರೆಗೆ ಬಂತು. ಅದರಲ್ಲಿ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿ ಹಾಕಿದ್ದು. ಉಳಿದ 40%ರಿಂದಲೂ ಸಂಬಳ ಕೊಡುವ ಹಾಗಿಲ್ಲ. ರಾಜ್ಯದಿಂದ ಬರುವ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ವೇತನ ಅನುದಾನ ಖಾಯಂ ನೌಕರರಿಗೆ. ಹಾಗಾದರೆ ನಮ್ಮಂಥವರ ಸಂಬಳ ಎಲ್ಲಿಂದ? ಪುರಸಭೆ ನಿಧಿಯಿಂದ. ಅಂದರೆ ಊರವರು ಕಟ್ಟುವ ತೆರಿಗೆ, ಕರ, ಬಾಡಿಗೆಯಿಂದ. ಅದರಲ್ಲೂ ರಶೀದಿಯಲ್ಲಿ ಕಾಣುವುದೆಲ್ಲ ಪುರಸಭೆಗೆ ಉಳಿಯುವುದಿಲ್ಲ. ತೆರಿಗೆಯ ಮೇಲೆ ಹಾಕುವ ಗ್ರಂಥಾಲಯ ಕರ 6% ಮತ್ತು ಭಿಕ್ಷುಕರ ಕರ 3% ಬೇರೆ ಕಡೆ ಕಟ್ಟಬೇಕಾದದ್ದು.

ಹಾಗಾಗಿ ‘ದುಡ್ಡಿಲ್ಲ, ಆದ್ದರಿಂದ ತೆಗೆಯುತ್ತಾರೆ’ ಅನ್ನುವುದನ್ನು ನೀವು ಮೊದಲೇ ಒಪ್ಪಿಕೊಂಡು ಪ್ರಶ್ನೆ ಕೇಳಿದ್ದೀರಲ್ಲ, ನಾನು ಅದನ್ನೇ ಒಪ್ಪುವುದಿಲ್ಲ. ದುಡ್ಡು ಇದೆ, ಊರಲ್ಲೇ ಇದೆ, ವಸೂಲಾಗಿಲ್ಲ ಅಷ್ಟೇ. ನಮ್ಮಲ್ಲಿ ಡಿಸಿಬಿ ತಖ್ತೆ ಟೈಪ್ ಮಾಡುತ್ತಿದ್ದವಳು ನಾನೇ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಅಂತ ಮೂರು ಕಾಲಂ. ನೀರಿನ ಕರದ ಬಾಕಿ ಕಾಲಂ ಪ್ರತಿ ವರ್ಷ ಬೆಳೆಯುತ್ತಿತ್ತು. ಪೇಟೆ ಮಳಿಗೆಗಳಲ್ಲಿ ಕೆಲವದರ ಕರಾರು ಯಾವತ್ತೋ ಮುಗಿದಿತ್ತು, ಹಳೆ ಬಾಡಿಗೆಯಲ್ಲೇ ನಡೆಯುತ್ತಿತ್ತು, ಒಳಗೆ ಕೂತವರು ಬೇರೆಯವರು. ಅದನ್ನು ಮುಟ್ಟಲು ಯಾರಿಗೂ ಧೈರ್ಯ ಇರಲಿಲ್ಲ. ಹೊರಗುತ್ತಿಗೆಯವರನ್ನು ಕಮ್ಮಿ ಮಾಡುವುದಕ್ಕೆ ಧೈರ್ಯ ಬೇಕಾಗುವುದಿಲ್ಲ. ಹೊಸ ಟೆಂಡರ್‌ನಲ್ಲಿ ಜನರ ಸಂಖ್ಯೆ ಇಳಿಸಿದರೆ ಆಯಿತು. ಯಾರನ್ನು ಇಳಿಸಿದರು ನೋಡಿ: ನೀರು ಬಿಡುವ ಒಬ್ಬ ವಾಲ್ವ್‌ಮನ್, ವಸೂಲಿಗೆ ಹೋಗುತ್ತಿದ್ದ ಇಬ್ಬರು ಹುಡುಗರು, ನಾನು. ಬಲೆ ಹೆಣೆಯುವವರನ್ನು ಮನೆಗೆ ಕಳಿಸಿ ಮೀನು ಬೀಳುತ್ತಿಲ್ಲ ಅಂದ ಹಾಗೆ. ಮರುವರ್ಷ ವಸೂಲಿ ಇನ್ನೂ ಇಳಿಯಿತು ಅಂತ ಅಲ್ಲಿದ್ದವರೇ ಹೇಳಿದರು. ಈ ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಈಗ ಸಹಿಯ ವಿಷಯ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ನಮ್ಮಲ್ಲಿ ಟೆಂಡರ್ ಬದಲಾದಾಗಲೆಲ್ಲ ಏಜೆನ್ಸಿ ಬದಲಾಗುತ್ತಿತ್ತು. ಪ್ರತಿ ಸಲ ಹಳೆ ಏಜೆನ್ಸಿಯ ಸೂಪರ್‌ವೈಸರ್ ಒಂದು ಟೈಪ್ ಮಾಡಿದ ಹಾಳೆ ತರುತ್ತಿದ್ದರು. ‘ಎಂತ ಆಗೂದಿಲ್ಲ ತಂಗಿ, ಹಳೆ ಲೆಕ್ಕ ಕ್ಲಿಯರ್ ಮಾಡ್ಲಿಕ್ಕೆ. ಎಲ್ಲರೂ ಹಾಕಿದ್ದಾರೆ, ನೀನೂ ಹಾಕು.’ ನಾನು ಹಾಕಿದೆ. ಹಾಳೆಯಲ್ಲಿ ಇದ್ದದ್ದು ‘ಸ್ವಂತ ಕಾರಣದಿಂದ, ಸ್ವ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ನನಗೆ ಬರಬೇಕಾದದ್ದೆಲ್ಲ ಬಂದಿದೆ’ ಅಂತ. ಮರುದಿನ ಅದೇ ಕುರ್ಚಿ, ಅದೇ ಕಂಪ್ಯೂಟರ್, ಅದೇ ಹಾಜರಿ ಪುಸ್ತಕ. ಏನೂ ಬದಲಾಗಲಿಲ್ಲ ಅಂತಲೇ ನಾನು ತಿಳಿದಿದ್ದೆ.

ಬದಲಾಗಿತ್ತು. ಆಗಿನ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ವರ್ಷದಲ್ಲಿ 240 ದಿನ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕಿತ್ತು. ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಆದರೆ ಅದು ತೆಗೆದವರಿಗೆ, ತಾವಾಗಿ ಬಿಟ್ಟವರಿಗಲ್ಲ. ನಾನು ಕಾಗದದ ಮೇಲೆ ಪ್ರತಿ ಸಲ ‘ತಾನಾಗಿ ಬಿಟ್ಟವಳು’. ಗ್ರಾಚ್ಯುಟಿಯೂ ಹಾಗೆಯೇ. 1972ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕಿತ್ತು. ನಾನು ಆ ಕುರ್ಚಿಯಲ್ಲಿ ಐದು ವರ್ಷಕ್ಕಿಂತ ಜಾಸ್ತಿಯೇ ಕೂತಿದ್ದೆ, ಕಾಗದದ ಮೇಲೆ ಮಾತ್ರ ಪ್ರತಿ ಸಲ ಹೊಸಬಳು. ಕಾರವಾರಕ್ಕೆ ಹೋಗಿ ಕಾರ್ಮಿಕ ಅಧಿಕಾರಿಯ ಮುಂದೆ ಕೂತಾಗ ಏಜೆನ್ಸಿಯವರು ನನ್ನದೇ ಸಹಿ ಇದ್ದ ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು. ಬಲವಂತದಿಂದ ಹಾಕಿಸಿದ್ದು ಅಂತ ಹೇಳಿದೆ. ಸಾಕ್ಷಿ ಏನು ಅಂತ ಕೇಳಿದರು. ನನ್ನ ಹತ್ತಿರ ಹಾಳೆಯ ಒಂದು ನಕಲೂ ಇರಲಿಲ್ಲ. ಬಾಕಿ ಸಂಬಳ ಮಾತ್ರ ಬಂತು. ಅದೂ ಯಾಕೆ ಬಂತು ಅಂದರೆ, ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಸಂಬಳ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇತ್ತು. 2025ರ ನವೆಂಬರ್ 21ರಿಂದ ಈ ಹಳೆ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಹೆಸರು ಬದಲಾಗಿದೆ, 15 ದಿನದ ಪರಿಹಾರದ ಲೆಕ್ಕ ಹಾಗೆಯೇ ಇದೆ.

ನೀವು ಒಂದೇ ಏಜೆನ್ಸಿಯಲ್ಲಿ ನಾಲ್ಕು ವರ್ಷ ದಾಟಿದ್ದೇನೆ ಅಂತ ಬರೆದಿದ್ದೀರಿ. ಈ ಹೊತ್ತಿಗೆ ರಾಜೀನಾಮೆ ಅಂದರೆ ಎಷ್ಟು ಕಳೆದುಕೊಳ್ಳುತ್ತೀರಿ ಅಂತ ನೀವೇ ಲೆಕ್ಕ ಹಾಕಿ.

ನಿಮ್ಮ ಕಚೇರಿಯಲ್ಲೂ ಯಾರೋ ಉಮಾದೇವಿ ಕೇಸಿನ ಮಾತು ತೆಗೆದಿರುತ್ತಾರೆ, ಅಲ್ವಾ? ನಮ್ಮ ರಾಜ್ಯದ್ದೇ ಪ್ರಕರಣ, ಸುಪ್ರೀಂ ಕೋರ್ಟ್ ತೀರ್ಪು 2006ರ ಏಪ್ರಿಲ್ 10ರದ್ದು. ತಾತ್ಕಾಲಿಕವಾಗಿ ಸೇರಿದವರು ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವ ಹಾಗಿಲ್ಲ ಅಂತ ಅದರ ಸಾರ. ಅದನ್ನು ಹೇಳಿಯೇ ನಮ್ಮೆಲ್ಲರ ಬಾಯಿ ಮುಚ್ಚಿಸಿದರು. ಆದರೆ ಖಾಯಂ ಮಾಡುವುದು ಬೇರೆ, ನೋಟಿಸ್ ಪರಿಹಾರ ಇಲ್ಲದೆ ತೆಗೆಯುವುದು ಬೇರೆ. 2025ರ ಜನವರಿ 31ರಂದು ಗಾಜಿಯಾಬಾದ್ ನಗರ ನಿಗಮದ ತೋಟದ ಕೆಲಸಗಾರರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ, ಹಿಂದಿನ ಸಂಬಳದ ಅರ್ಧ ಕೊಡಿ ಅಂತ ಹೇಳಿತು. ಅವರು ಗುತ್ತಿಗೆದಾರನ ಕಡೆಯವರು ಅಂತ ನಿಗಮ ವಾದಿಸಿತ್ತು, ಅದಕ್ಕೆ ದಾಖಲೆ ಇರಲಿಲ್ಲ. ನಿಮ್ಮದು ಏಜೆನ್ಸಿ ಮೂಲಕ ಆದ್ದರಿಂದ ಅದೇ ಫಲ ಸಿಗುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಕಾಗದ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಎಷ್ಟು ನಿಂತಿದೆ ಅಂತ ಮಾತ್ರ ನೋಡಿ.

ಬೇರೆ ಕೆಲಸ ಹುಡುಕಿ, ಬೇಡ ಅನ್ನುವುದಿಲ್ಲ. ನಾನು ಈಗ ಶಿರಸಿಯಲ್ಲಿ ಒಂದು ಸಹಕಾರಿ ಸಂಘದಲ್ಲಿದ್ದೇನೆ, ಅಡಿಕೆ ಲೆಕ್ಕ ಬರೆಯುತ್ತೇನೆ, ಸಂಬಳ ತಿಂಗಳ ಕೊನೆಗೆ ಸರಿಯಾಗಿ ಬರುತ್ತದೆ. ಆದರೆ ಹೆದರಿಕೊಂಡು ನೀವಾಗಿಯೇ ಬಿಡಬೇಡಿ. ಈ ವಾರವೇ ಪಿಎಫ್ ಪಾಸ್‌ಬುಕ್ ತೆಗೆದು ಪ್ರತಿ ತಿಂಗಳು ಕಟ್ಟಿದ್ದಾರಾ, ಕೆಲಸ ಬಿಟ್ಟ ದಿನಾಂಕ ಎಲ್ಲಾದರೂ ಹಾಕಿದ್ದಾರಾ ನೋಡಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿರುವ ಪುಟಗಳ ಫೋಟೊ ಇಟ್ಟುಕೊಳ್ಳಿ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡು ಕೇಳಿ: ಏಜೆನ್ಸಿಗೆ ಕೊಟ್ಟ ಕಾರ್ಯಾದೇಶ ಮತ್ತು ಕಳೆದ ಮೂರು ವರ್ಷದ ಡಿಸಿಬಿ ತಖ್ತೆ. ನಿಮ್ಮ ಹೆಸರಲ್ಲಿ ಬೇಡ ಅನಿಸಿದರೆ ಮನೆಯವರ ಹೆಸರಲ್ಲಿ ಹಾಕಿ.

ತಖ್ತೆ ಕೈಗೆ ಬಂದ ಮೇಲೆ ಒಬ್ಬರೇ ಹೋಗಬೇಡಿ. ವಾಲ್ವ್‌ಮನ್, ಡ್ರೈವರ್, ವಸೂಲಿ ಹುಡುಗರು ಎಲ್ಲ ಸೇರಿ ಮುಖ್ಯಾಧಿಕಾರಿಗೆ ಒಂದೇ ಮನವಿ ಕೊಡಿ. ಬಜೆಟ್ ಸಭೆಗೆ ಮೊದಲು ಕೊಡಿ, ನಿಮ್ಮ ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಮುಟ್ಟಿಸಿ. ಕೆಲಸ ಉಳಿಸಿ ಅಂತ ಬೇಡಿಕೊಳ್ಳಬೇಡಿ. ಬಾಕಿ ಇಷ್ಟಿದೆ, ಇಷ್ಟು ಮಳಿಗೆಗಳ ಕರಾರು ಮುಗಿದಿದೆ, ಅನಧಿಕೃತ ಆಸ್ತಿಗಳಿಗೂ ಖಾತೆ ಕೊಡಲು 2025ರ ಫೆಬ್ರವರಿಯಲ್ಲಿ ಸರ್ಕಾರ ಶುರುಮಾಡಿದ ಬಿ-ಖಾತಾ ಕೆಲಸದಿಂದ ತೆರಿಗೆ ಪಟ್ಟಿಗೆ ಹೊಸದಾಗಿ ಬರಬಹುದಾದ ಆಸ್ತಿ ಇಷ್ಟಿದೆ, ಇದನ್ನು ಮಾಡುವವರು ನಾವು, ನಮಗೆ ಏಪ್ರಿಲ್‌ನಿಂದ ಆರು ತಿಂಗಳು ಕೊಡಿ ಅಂತ ಅಂಕಿ ಹಾಕಿ ಬರೆಯಿರಿ. ನಕಲಿನ ಮೇಲೆ ಸ್ವೀಕೃತಿ ಮೊಹರು ಒತ್ತಿಸಿಕೊಂಡೇ ಅಲ್ಲಿಂದ ಏಳಿ.