ಫೆಲಿಕ್ಸ್ ಎಲ್ಲಿ ಮಲಗುತ್ತಿದ್ದ?

ಮಾನ್ಯರೇ,

ನಮ್ಮ ಮಕ್ಕಳ ಮಾಸಪತ್ರಿಕೆಗೆ ನೀವು ಕಳುಹಿಸಿದ ‘ಲೂಸಿಯಸ್‌ನ ಒಂದು ದಿನ’ ಕೈಸೇರಿ ಮೂರು ವಾರವಾಯಿತು. ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆದು ಮುಗಿಸುವವನು ನಾನು. ಈ ಸಲ ಹಸ್ತಪ್ರತಿಯನ್ನು ಎರಡು ಬಾರಿ ಮೇಜಿನ ಖಾನೆಗೆ ಹಾಕಿ, ಎರಡು ಬಾರಿಯೂ ಹೊರಗೆ ತೆಗೆದೆ. ಸಿಟ್ಟು ಬಂದಿತ್ತು. ಯಾವುದರ ಮೇಲೆ ಎಂದು ತಿಳಿಯಲು ಇಷ್ಟು ದಿನ ಹಿಡಿಯಿತು.

ಒಳ್ಳೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಭಾಷೆ ತೊಡಕಿಲ್ಲದೆ ಸಾಗುತ್ತದೆ. ಹುಡುಗ ಮೇಣದ ಹಲಗೆಯ ಮೇಲೆ ತಪ್ಪು ಬರೆದು, ಕಡ್ಡಿಯ ಚಪ್ಪಟೆ ತುದಿಯಿಂದ ಮೇಣ ಸವರಿ ಅಳಿಸುವ ಜಾಗ ನನಗೆ ಹಿಡಿಸಿತು. ಏಳನೆಯ ಪುಟದಲ್ಲಿ ಅವನ ತಾಯಿ ಟೊಮ್ಯಾಟೊ ಹೆಚ್ಚುತ್ತಾಳೆ. ನಿಮ್ಮ ಕಥೆ ನಡೆಯುವುದು ಕ್ರಿ.ಶ. 79ರ ಪಾಂಪೇಯಲ್ಲಿ, ಅದೇ ವರ್ಷ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ನಗರದಲ್ಲಿ. ಟೊಮ್ಯಾಟೊ ಅಮೆರಿಕದಿಂದ ಯುರೋಪಿಗೆ ಬರಲು ಇನ್ನೂ ಹದಿನಾಲ್ಕು ಶತಮಾನಕ್ಕೂ ಹೆಚ್ಚು ಕಾಲವಿತ್ತು. ಅದನ್ನು ಹೊಡೆದುಹಾಕಿ, ಒಂದು ಪದದ ಕೆಲಸ. ಅಷ್ಟು ಸಿರಿವಂತರ ಮನೆಯಲ್ಲಿ ಯಜಮಾನಿಯೇ ಕುಳಿತು ತರಕಾರಿ ಹೆಚ್ಚುತ್ತಿದ್ದಳೇ ಎಂಬುದು ಮಾತ್ರ ಒಂದು ಪದದಲ್ಲಿ ತೀರುವುದಿಲ್ಲ. ನನ್ನ ತಕರಾರು ಅಲ್ಲಿಂದಲೇ ಶುರು.

ನಿಮ್ಮ ಮೂರನೆಯ ಪುಟದಲ್ಲಿ ಹೀಗಿದೆ: ‘ಇನ್ನೂ ಕತ್ತಲಿತ್ತು. ನಂಬಿಗಸ್ತ ಸೇವಕನಾದ ಫೆಲಿಕ್ಸ್ ನಗುನಗುತ್ತಾ ದೀಪ ಹಿಡಿದು ಮುಂದೆ ನಡೆದ. ಲೂಸಿಯಸ್ ಅವನನ್ನು ಮಾಮ ಎಂದೇ ಕರೆಯುತ್ತಿದ್ದ. ಆ ಭವ್ಯ ಬಂಗಲೆಯಲ್ಲಿ ಫೆಲಿಕ್ಸ್ ಮನೆಯ ಮಗನಂತೆಯೇ ಇದ್ದ.’

‘ಸೇವಕ’ನಿಂದ ಹಿಡಿಯೋಣ. ಸೇವಕನಿಗೆ ಸಂಬಳವಿರುತ್ತದೆ, ಸಾಕೆನಿಸಿದರೆ ಕೆಲಸ ಬಿಟ್ಟು ಹೋಗುತ್ತಾನೆ. ಫೆಲಿಕ್ಸ್‌ನನ್ನು ಸಂತೆಯಲ್ಲಿ ದುಡ್ಡು ಕೊಟ್ಟು ಕೊಂಡು ತಂದಿರುತ್ತಾರೆ, ಇಲ್ಲವೇ ಹಾಗೆ ಕೊಂಡು ತಂದವಳ ಹೊಟ್ಟೆಯಲ್ಲಿ ಅವನು ಆ ಮನೆಯಲ್ಲೇ ಹುಟ್ಟಿರುತ್ತಾನೆ. ರೋಮನ್ ಕಾನೂನಿನ ಪ್ರಕಾರ ಅವಳ ಮಗುವೂ ಒಡೆಯನ ಸೊತ್ತು. ಇಂಥವನಿಗೆ ಕನ್ನಡದಲ್ಲಿ ಹೆಸರು ಹುಡುಕುವುದು ಸುಲಭವಲ್ಲ, ಒಪ್ಪುತ್ತೇನೆ. ‘ದಾಸ’ ಎಂದರೆ ನಮ್ಮ ಮಕ್ಕಳ ಕಣ್ಣಿಗೆ ತಂಬೂರಿ ಹಿಡಿದು ಗೆಜ್ಜೆ ಕಟ್ಟಿದ ಹರಿದಾಸರು ಬರುತ್ತಾರೆ. ‘ಆಳು’ ಸಂಜೆ ಕೂಲಿ ಎಣಿಸಿಕೊಂಡು ತನ್ನ ಮನೆಗೆ ಹೋಗುವವನು. ‘ಜೀತದವನು’ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಜೀತಕ್ಕೆ ಸಾಲವೊಂದು ನೆಪವಾಗಿಯಾದರೂ ಇರಬೇಕು. ‘ಗುಲಾಮ’ ಇಸ್ಪೀಟಿನ ಎಲೆಯಲ್ಲಿ ಮೀಸೆ ತಿರುವಿಕೊಂಡು ನಿಂತಿದ್ದಾನೆ. ಆದರೂ ಅದನ್ನೇ ಇಟ್ಟುಕೊಳ್ಳಿ. ಮೊದಲ ಸಲ ‘ದುಡ್ಡು ಕೊಟ್ಟು ಕೊಂಡ ಮನುಷ್ಯ’ ಎಂದು ಬರೆದು, ಆಮೇಲೆ ಗುಲಾಮ ಎನ್ನಿ. ಹತ್ತು ವರ್ಷದ ಮಗುವಿಗೆ ಅಷ್ಟು ಸಾಕು.

‘ನಂಬಿಗಸ್ತ’ ಎಂಬುದು ಯಾರ ಮಾತು? ಒಡೆಯನದು. ರೋಮ್‌ನ ವಸ್ತುಸಂಗ್ರಹಾಲಯವೊಂದರಲ್ಲಿ ಕಬ್ಬಿಣದ ಕೊರಳಪಟ್ಟಿಯೊಂದಿದೆ. ನಿಮ್ಮ ಕಥೆಗಿಂತ ಕೆಲವು ಶತಮಾನ ಈಚಿನದು. ಅದಕ್ಕೆ ತೂಗುಹಾಕಿದ ಬಿಲ್ಲೆಯ ಮೇಲೆ ಕೊರೆದಿರುವುದು ಇಷ್ಟು: ನಾನು ಓಡಿಬಂದಿದ್ದೇನೆ, ನನ್ನನ್ನು ಹಿಡಿಯಿರಿ, ನನ್ನ ಒಡೆಯ ಜೋನಿನಸ್‌ಗೆ ಒಪ್ಪಿಸಿದರೆ ನಿಮಗೊಂದು ಚಿನ್ನದ ನಾಣ್ಯ. ನಂಬಿಕೆಯೇ ಸಾಕಾಗಿದ್ದರೆ ಕಮ್ಮಾರನಿಗೆ ಈ ಕೆಲಸ ಇರುತ್ತಿರಲಿಲ್ಲ.

‘ನಗುನಗುತ್ತಾ’. ಫೆಲಿಕ್ಸ್ ಎಂದರೆ ಲ್ಯಾಟಿನ್‌ನಲ್ಲಿ ಸುಖಿ, ಅದೃಷ್ಟವಂತ. ಒಡೆಯರು ತಮ್ಮ ಗುಲಾಮರಿಗೆ ಇಡುತ್ತಿದ್ದ ಹೆಸರುಗಳಲ್ಲಿ ಅದೂ ಒಂದು. ನಗುವನ್ನು ಅವರು ಅವನ ಹೆಸರಿಗೇ ಅಂಟಿಸಿದ್ದಾರೆ, ನೀವು ಮುಖಕ್ಕೂ ಅಂಟಿಸಬೇಡಿ.

‘ಮಾಮ’ನ ವಿಷಯ. ಹುಡುಗರನ್ನು ಶಾಲೆಗೆ ಕರೆದೊಯ್ಯುವ ಗುಲಾಮನಿಗೆ ಪೆಡಗೋಗಸ್ ಎನ್ನುತ್ತಿದ್ದರು. ಮಗುವನ್ನು ನಡೆಸಿಕೊಂಡು ಹೋಗುವವನು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ನೀವು ಆರನೆಯ ತರಗತಿಯ ಶಿಕ್ಷಕಿ ಎಂದು ಬರೆದಿದ್ದೀರಿ; ಬಿ.ಎಡ್. ಓದುವಾಗ ‘ಪೆಡಗಾಜಿ’ (ಬೋಧನಾಶಾಸ್ತ್ರ) ಎಂಬ ಪದವನ್ನು ಎಷ್ಟು ಸಲ ಬರೆದಿರುತ್ತೀರೋ! ಆ ಪದದ ಮೂಲಪುರುಷ ಕತ್ತಲಲ್ಲಿ ದೀಪ ಹಿಡಿದು ನಡೆದ ಈ ಫೆಲಿಕ್ಸ್. ಮಾಮನಿಗಿಂತ ಇದು ಮಕ್ಕಳಿಗೆ ಹೆಚ್ಚು ನೆನಪಿರುತ್ತದೆ.

ಇನ್ನು ‘ಮನೆಯ ಮಗನಂತೆ’. ಇದೇ ಮಾತನ್ನು ನಾನೂ ಬರೆದಿದ್ದೆ.

ನಲವತ್ತೈದು ವರ್ಷಗಳ ಹಿಂದೆ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಬರವಣಿಗೆಯ ಬಗ್ಗೆ ತುಟಿ ಬಿಚ್ಚುತ್ತಿದ್ದುದು ಅಪರೂಪ. ಒಮ್ಮೆ ಖಾಲಿ ಖಾನೆ ತೋರಿಸಿ, ‘ಭ ಅಕ್ಷರ ಮುಗಿಯಿತು ಸ್ವಾಮಿ, ಎರಡು ಭವ್ಯ ಬಿಟ್ಟುಕೊಡಿ’ ಎಂದಿದ್ದರು. (ನಿಮ್ಮ ಹಸ್ತಪ್ರತಿಯಲ್ಲಿ ಹನ್ನೊಂದು ಭವ್ಯಗಳಿವೆ. ಈಗ ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಬರವಿಲ್ಲ, ಅದೇ ತೊಂದರೆ.) ನಮ್ಮ ಊರಿನ ಮನೆಯ ಬಗ್ಗೆ, ದನ ನೋಡಿಕೊಳ್ಳುತ್ತಿದ್ದವನ ಬಗ್ಗೆ ನಾನೊಂದು ಪ್ರಬಂಧ ಬರೆದಿದ್ದೆ. ಅವನು ನಮ್ಮ ಮನೆಯವನಂತೆಯೇ ಇದ್ದ ಎಂಬ ಸಾಲಿನ ಮೇಲೆ ನನಗೆ ವಿಶೇಷ ಪ್ರೀತಿ. ಆ ಹಿರಿಯರು ಜೋಡಿಸುತ್ತಿದ್ದ ಕೈ ನಿಲ್ಲಿಸಿ, ತಲೆ ಎತ್ತದೆ ಕೇಳಿದರು: ‘ಊಟಕ್ಕೆ ಎಲ್ಲಿ ಕೂರುತ್ತಿದ್ದ?’

ಹಿತ್ತಿಲಲ್ಲಿ. ಹುಲ್ಲಿನ ಬಣವೆಯ ಪಕ್ಕ, ತಾನೇ ತೊಳೆದು ಬೋರಲು ಹಾಕಿಡುತ್ತಿದ್ದ ತಟ್ಟೆಯಲ್ಲಿ. ಹುಟ್ಟಿದಾಗಿನಿಂದ ಅದನ್ನು ನೋಡಿದ್ದೆ, ಬರೆಯಲು ಹೊಳೆದಿರಲಿಲ್ಲ. ಆ ಸಾಲು ತೆಗೆದು ತಟ್ಟೆಯನ್ನು ಬರೆದೆ. ಪ್ರಬಂಧ ಅಚ್ಚಾದ ಮೇಲೆ ನಮ್ಮ ತಂದೆ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ರೋಮನ್ನರ ‘ಫಮಿಲಿಯಾ’ ಎಂಬ ಪದದೊಳಗೆ ಗುಲಾಮರೂ ಸೇರುತ್ತಿದ್ದರು. ಎಷ್ಟೋ ಕಡೆ ಆ ಪದಕ್ಕೆ ಮನೆಯ ಗುಲಾಮರು ಎಂದೇ ಅರ್ಥ. ಹಾಗಾಗಿ ಫೆಲಿಕ್ಸ್ ಮನೆಯವನು ಎಂದರೆ ತಪ್ಪಲ್ಲ. ಎಲ್ಲಿ ಮಲಗುತ್ತಿದ್ದ ಎಂದು ಹೇಳಿ, ಅಷ್ಟೇ. ಅದಕ್ಕೆ ನೀವು ಊಹೆ ಮಾಡಬೇಕಾಗಿಯೂ ಇಲ್ಲ. ಪಾಂಪೇಯ ಕೋಟೆಯಾಚೆ ಚಿವಿತಾ ಜೂಲಿಯಾನಾ ಎಂಬಲ್ಲಿ ಒಂದು ದೊಡ್ಡ ತೋಟದ ಮನೆಯನ್ನು ಅಗೆಯುತ್ತಿದ್ದಾಗ, 2021ರಲ್ಲಿ, ಗುಲಾಮರದೆಂದು ತಜ್ಞರು ಗುರುತಿಸಿದ ಕೋಣೆಯೊಂದು ಸಿಕ್ಕಿತು. ಹದಿನಾರು ಚದರ ಮೀಟರ್ ಜಾಗ, ಮೇಲೆಲ್ಲೋ ಒಂದು ಪುಟ್ಟ ಕಿಟಕಿ. ಮರ, ಹಗ್ಗ ಎಲ್ಲ ಕೊಳೆತುಹೋಗಿ ಗಟ್ಟಿಯಾದ ಬೂದಿಯಲ್ಲಿ ಅವುಗಳ ಪೊಳ್ಳು ಮಾತ್ರ ಉಳಿದಿತ್ತು. ಅದರೊಳಗೆ ಪ್ಲಾಸ್ಟರ್ ಸುರಿದಾಗ ಮೂರು ಮಂಚಗಳು ಎದ್ದುಬಂದವು. ಹಾಸಿಗೆ ಇಲ್ಲ, ಹಗ್ಗದ ಹೆಣಿಗೆ. ನಮ್ಮ ಹಳ್ಳಿಯ ಹೊರಸು ಕಂಡ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕೋಣೆಯಲ್ಲಿ ಮಣ್ಣಿನ ದೊಡ್ಡ ಜಾಡಿಗಳು, ರಥದ ಮೂಕಿಮರ. ಎರಡು ಮಂಚ 1.7 ಮೀಟರ್ ಉದ್ದ. ಮೂರನೆಯದು 1.4 ಮೀಟರ್.

ನಿಮ್ಮ ತರಗತಿಯಲ್ಲಿ ಆ ಮೂರನೆಯ ಮಂಚಕ್ಕೆ ಸರಿಹೊಂದುವವರು ಎಷ್ಟು ಮಂದಿ ಇದ್ದಾರೆ, ಒಮ್ಮೆ ಅಳತೆಪಟ್ಟಿ ಹಿಡಿದು ನೋಡಿ.

ಮಕ್ಕಳ ಮನಸ್ಸು ಕೋಮಲ, ಕ್ರೌರ್ಯ ಬೇಡವೆಂದು ಗುಲಾಮಗಿರಿಯ ಮಾತು ಬಿಟ್ಟೆ ಎಂದು ಜೊತೆಯ ಪತ್ರದಲ್ಲಿ ಬರೆದಿದ್ದೀರಿ. ಅದೇ ಕೋಮಲ ಮನಸ್ಸಿಗೆ ಹದಿನಾಲ್ಕನೆಯ ಪುಟದಲ್ಲಿ ಗ್ಲಾಡಿಯೇಟರ್‌ಗಳ, ಎಂದರೆ ಜನರ ಮನರಂಜನೆಗೆ ಕಣದಲ್ಲಿ ಕಾದಾಡುವವರ, ಕತ್ತಿವರಸೆ ಇದೆ. ರಕ್ತ ಮರಳಿಗೆ ಹೇಗೆ ಇಂಗಿತು ಎಂಬ ವರ್ಣನೆಯೂ ಇದೆ. ಆ ಕಣದಲ್ಲಿ ನಿಂತವರಲ್ಲಿ ಬಹಳ ಜನ ಯಾರು ಅಂದುಕೊಂಡಿರಿ? ರಕ್ತ ಸುರಿಸಲು ಕರೆತಂದು, ಹೆಸರು ಹೇಳುವಾಗ ನಾಚಿಕೊಂಡರೆ ಹೇಗೆ?

ಇಡೀ ಕಥೆಯನ್ನು ತಿದ್ದಬೇಡಿ. ಮೂರನೆಯ ಪುಟವನ್ನು ಮಾತ್ರ ಹೊಸದಾಗಿ ಬರೆಯಿರಿ: ಫೆಲಿಕ್ಸ್ ದೀಪ ಹಚ್ಚುವುದಕ್ಕೆ ಮುಂಚೆ, ಅವನು ಎದ್ದು ಬಂದ ಕೋಣೆಯಿಂದ. ತರಕಾರಿ ಹೆಚ್ಚುವವಳಿಗೆ ಒಂದು ಹೆಸರಿಡಿ. ಹದಿನಾಲ್ಕನೆಯ ಪುಟ ನನಗೆ ಬೇಡ. ಮುಂದಿನ ತಿಂಗಳು 10ರೊಳಗೆ ತಲುಪಿದರೆ ಬೇಸಿಗೆ ರಜೆಯ ಸಂಚಿಕೆಯಲ್ಲಿ ಆರು ಪುಟ ಕಾದಿರಿಸುತ್ತೇನೆ. ನಿಮ್ಮ ಪ್ರತಿ ಈ ಪತ್ರದ ಜೊತೆಗಿದೆ; ಅಂಚಿನಲ್ಲಿರುವುದು ಪೆನ್ಸಿಲ್ ಗುರುತು, ಒಪ್ಪಿಗೆಯಾಗದಿದ್ದರೆ ಅಳಿಸಬಹುದು.

ನಮಸ್ಕಾರಗಳೊಂದಿಗೆ,
ಸಂಪಾದಕ