ರಾಗಿಗೆ ಬೆಂಬಲ ಬೆಲೆ ಇದ್ದರೂ ಮಂಡಿಯಲ್ಲಿ ಕಮ್ಮಿ ಯಾಕೆ?

ಶಿರಾ ಮಂಡಿಯಲ್ಲಿ ರಾಗಿಗೆ ಬೆಂಬಲ ಬೆಲೆಯಾದ ಕ್ವಿಂಟಾಲಿಗೆ 4,886 ರೂಪಾಯಿ ಕೊಡ್ತಿಲ್ಲ, ದೂರು ಕೊಡಬಹುದಾ ಅಂತ ಕೇಳಿದ್ದೀರಿ. ದೂರು ನಿಲ್ಲೋದಿಲ್ಲ. 2025-26ರ ಆ ದರ ಸರ್ಕಾರ ತಾನು ಕೊಳ್ಳುವಾಗ ಕೊಡುವ ಬೆಲೆ, ಖಾಸಗಿ ವ್ಯಾಪಾರಿಗೆ ಅದು ಅನ್ವಯಿಸಲ್ಲ. ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರ) ಹಾಗಲ್ಲ, ಅದಕ್ಕಿಂತ ಕಮ್ಮಿ ಕೊಡೋದು ಕಾರ್ಖಾನೆಗೆ ಕಾನೂನುಬಾಹಿರ. ರಾಗಿಗೂ ಹಾಗೇ ಮಾಡಲಿ ಅನ್ನಿಸೋದು ಸಹಜ. ಆದರೆ ಆ ಬೆಲೆಗೆ ಗಿರಾಕಿ ಇಲ್ಲದಿದ್ದರೆ ವ್ಯಾಪಾರಿ ಕೊಳ್ಳೋದನ್ನೇ ನಿಲ್ಲಿಸ್ತಾನೆ, ಮೂಟೆ ನಿಮ್ಮ ಹಜಾರದಲ್ಲೇ ಉಳಿಯುತ್ತೆ. ಸರ್ಕಾರ ನಿಜವಾಗಿ ಮಾಲು ಎತ್ತಿದಷ್ಟೇ ಹೊರಗಿನ ದರವೂ ಏರೋದು.

ಹಾಗಾಗಿ ಸರ್ಕಾರದ ಖರೀದಿ ಕೇಂದ್ರದ ದಾರಿ ಹಿಡಿಯಿರಿ. ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ತೆಗೆಸಿ, ಎಲ್ಲಾ ಸರ್ವೆ ನಂಬರೂ ಅದರಲ್ಲಿ ಸೇರಿದೆಯಾ ನೋಡಿ. ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ದಾಖಲಾಗಿರಬೇಕು. ರಾಗಿ ನಡುವೆ ತೊಗರಿ ಸಾಲು (ಅಕ್ಕಡಿ) ಹಾಕಿದ ಹೊಲದಲ್ಲಿ ಎಡವಟ್ಟಾಗೋದು ಇಲ್ಲೇ, ತಪ್ಪಿದ್ದರೆ ಈಗಲೇ ಆಕ್ಷೇಪಣೆ ಕೊಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ನೋಂದಣಿ ಶುರುವಾದ ಮೊದಲ ದಿನಗಳಲ್ಲೇ ಹೆಸರು ಬರೆಸಿ, ರಸೀದಿ ಜೋಪಾನ. ಆಮೇಲೆ ಚೆನ್ನಾಗಿ ಒಣಗಿಸಿ, ತೂರಿ, ಕಲ್ಲು-ಮಣ್ಣು ತೆಗೆದು ಮೂಟೆ ಕಟ್ಟಿ.

ಹಣ ಯಾವ ವಾರ ಬರುತ್ತೆ ಅಂತ ಮಾತ್ರ ಖಚಿತವಾಗಿ ಹೇಳೋಕಾಗಲ್ಲ. ಸಾಲದ ಕಂತು ಕುತ್ತಿಗೆಗೆ ಬಂದಿದ್ದರೆ ಅಷ್ಟಕ್ಕೆ ಬೇಕಾದ ಮೂಟೆ ಮಾತ್ರ ಮಂಡಿಗೆ ಹಾಕಿ. ಉಳಿದದ್ದನ್ನು ಇಟ್ಟುಕೊಳ್ಳಿ, ಒಣಗಿದ ರಾಗಿ ಕೋಲಾರದ ಟೊಮೆಟೊ ಥರ ಕೆಡೋದಿಲ್ಲ.