ಓದುತ್ತಲೇ ವಿಮಾನ ಕಂಪನಿಯ ಕೆಲಸ: ಗಂಗಾವತಿಯ ಒಂದು ಪ್ರಕರಣ

ಗುರುತು ಸಿಗಬಾರದೆಂದು ಈ ಪ್ರಕರಣದಲ್ಲಿ ಹೆಸರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಲ್ಲಿ ಅವಳನ್ನು ಅನ್ನಪೂರ್ಣ ಅಂತ ಕರೆಯುತ್ತೇನೆ.

ಅನ್ನಪೂರ್ಣಳಿಗೆ 19 ವರ್ಷ. ಗಂಗಾವತಿಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ಅವ್ವ ನಾಟಿ, ಕಳೆ ಅಂತ ಗದ್ದೆ ಕೂಲಿಗೆ ಹೋಗುತ್ತಾರೆ. ತಮ್ಮ ಹತ್ತನೇ ಕ್ಲಾಸು. ಅಕ್ಕನ ಮದುವೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಅಪ್ಪನಿಗೆ ಸೊಂಟ ನೋವು, ಮೊದಲಿನಷ್ಟು ಚೀಲ ಹೊರೋಕೆ ಆಗುತ್ತಿಲ್ಲ. ಮನೆಯಲ್ಲಿ ಯಾರೂ ಅವಳಿಗೆ ದುಡಿ ಅಂತ ಹೇಳಿರಲಿಲ್ಲ. ಅವಳೇ ಹಚ್ಚಿಕೊಂಡಿದ್ದಳು. ಕ್ಲಾಸ್ ತಪ್ಪಿಸುವುದು ಜಾಸ್ತಿಯಾದಾಗ ಅವಳ ಉಪನ್ಯಾಸಕಿ ಸಲಹೆಗೆಂದು ನನ್ನ ಹತ್ತಿರ ಕಳಿಸಿದರು.

ಬಂದು ಕೂತವಳು ಮೊದಲು ಕೇಳಿದ್ದೇ ಇದು: "ಕಾಲೇಜು ಬಿಡದಂಗ ವಿಮಾನ ಕಂಪನ್ಯಾಗ ಪಾರ್ಟ್‌ಟೈಮ್ ಕೆಲಸ ಸಿಗತೈತೇನ್ರಿ ಮೇಡಂ?"

ಎಲ್ಲಿಂದ ಬಂತು ಈ ಯೋಚನೆ ಅಂತ ಕೇಳಿದೆ. ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದಳು. ಅಮೆರಿಕದ ಕಾಲೇಜು ಹುಡುಗಿಯೊಬ್ಬಳು ವಾರದಲ್ಲಿ ಕೆಲವೇ ದಿನ ಏರ್‌ಪೋರ್ಟಿನಲ್ಲಿ ಬ್ಯಾಗ್ ಲೋಡ್ ಮಾಡುತ್ತಾಳೆ. ಅದರ ಜೊತೆಗೆ ಪುಕ್ಕಟೆ ವಿಮಾನ ಪ್ರಯಾಣ. ಆ ವಿಡಿಯೋದಲ್ಲಿ ಸುಳ್ಳೇನೂ ಇಲ್ಲ. ಅಮೆರಿಕದ ಹಲವು ವಿಮಾನ ಕಂಪನಿಗಳು ರ‍್ಯಾಂಪ್ ಕೆಲಸಕ್ಕೆ (ವಿಮಾನ ನಿಲ್ಲುವ ಅಂಗಳದಲ್ಲಿ ಬ್ಯಾಗ್ ಏರಿಸಿ ಇಳಿಸುವುದು), ಚೆಕ್‌ಇನ್ ಕೌಂಟರಿಗೆ ಪಾರ್ಟ್‌ಟೈಮ್ ಜನರನ್ನು ತೆಗೆದುಕೊಳ್ಳುತ್ತವೆ. ಹದಿನೆಂಟು ತುಂಬಿರಬೇಕು, ಹೈಸ್ಕೂಲ್ ಮುಗಿದಿರಬೇಕು, ಹಿನ್ನೆಲೆ ತಪಾಸಣೆ ಪಾಸಾಗಬೇಕು. ಸೀಟು ಖಾಲಿ ಇದ್ದರೆ ನೌಕರರಿಗೂ ಅವರ ಮನೆಯವರಿಗೂ ಪ್ರಯಾಣದ ಸವಲತ್ತು ಸಿಗುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಅದಕ್ಕಾಗಿಯೇ ಈ ಕೆಲಸ ಹುಡುಕುತ್ತಾರೆ.

ಆಮೇಲೆ ಅವಳು ವಾಟ್ಸಾಪ್ ತೆರೆದಳು. ನನ್ನ ಎದೆ ಧಸಕ್ ಅಂದಿದ್ದು ಆಗ.

ಅದೊಂದು ನೇಮಕಾತಿ ಪತ್ರ. ಮೇಲ್ಗಡೆ ದೊಡ್ಡ ವಿಮಾನ ಕಂಪನಿಯೊಂದರ ಲೋಗೋ, ಕೆಳಗೆ ನೀಲಿ ಸೀಲು. ಹುದ್ದೆ ಗ್ರೌಂಡ್ ಸ್ಟಾಫ್ (ವಿಮಾನದಲ್ಲಿ ಹಾರದೆ ನಿಲ್ದಾಣದಲ್ಲೇ ಕೆಲಸ ಮಾಡುವವರು), ಪಾರ್ಟ್‌ಟೈಮ್. ದಿನಕ್ಕೆ ನಾಲ್ಕು ತಾಸು ಕೆಲಸ, ತಿಂಗಳಿಗೆ 28,000 ಸಂಬಳ. ಕೆಲಸದ ಜಾಗ 'ಬಳ್ಳಾರಿ ಏರ್‌ಪೋರ್ಟ್'. ಸಹಿ ಇದೆ, ಸಹಿ ಹಾಕಿದವರ ಹೆಸರಿಲ್ಲ. ಇಮೇಲ್ ವಿಳಾಸ ಜಿಮೇಲಿನದು. ಸಂದರ್ಶನ ಫೋನಿನಲ್ಲೇ ಮುಗಿದಿತ್ತು. ನೋಂದಣಿ ಅಂತ 2,350 ರೂಪಾಯಿಯನ್ನು ಹಿಂದಿನ ದಿನವೇ ಕಳಿಸಿದ್ದಳು, ಸ್ಕಾಲರ್‌ಶಿಪ್ ಹಣದಲ್ಲಿ. ಈಗ ಯೂನಿಫಾರ್ಮ್ ಮತ್ತು ಗೇಟ್ ಪಾಸಿಗೆ 6,500 ಕೇಳುತ್ತಿದ್ದರು. ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ. ಗೆಳತಿಯ ಹತ್ತಿರ ಸಾಲ ಕೇಳಿ ಬಂದಿದ್ದಳು.

ಉಳಿದ ಮಾತೆಲ್ಲ ಬದಿಗಿಟ್ಟು ಮೊದಲು ಇದನ್ನು ನಿಲ್ಲಿಸಿದೆವು. ಅವಳ ಫೋನಿನಿಂದಲೇ 1930ಕ್ಕೆ ಕರೆ ಮಾಡಿಸಿದೆ. ಹಣ ವಂಚನೆಯಾದಾಗ ಕರೆ ಮಾಡಬೇಕಾದ ರಾಷ್ಟ್ರೀಯ ಸಹಾಯವಾಣಿ ಅದು. ಎಷ್ಟು ಬೇಗ ಹೇಳುತ್ತೇವೋ ಅಷ್ಟು ಒಳ್ಳೆಯದು, ಹಣ ಆ ಕಡೆಯ ಖಾತೆಯಲ್ಲೇ ಇದ್ದರೆ ತಡೆಹಿಡಿಸಬಹುದು. ಯುಪಿಐ ವಹಿವಾಟಿನ ಹನ್ನೆರಡು ಅಂಕಿಯ ನಂಬರು ಕೇಳಿದರು, ಕೊಟ್ಟಳು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿದೆವು. ಚಾಟ್, ಪತ್ರ, ಫೋನ್ ನಂಬರು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡ ಮೇಲೇ ಆ ನಂಬರನ್ನು ಬ್ಲಾಕ್ ಮಾಡಿಸಿದೆ. ಸಿಟ್ಟಿನಲ್ಲಿ ಚಾಟ್ ಅಳಿಸಿಬಿಟ್ಟರೆ ಸಾಕ್ಷಿಯೇ ಹೋಗಿಬಿಡುತ್ತದೆ.

ಅವಳು ಅಳಲಿಲ್ಲ. "ನಾ ಇಷ್ಟು ಓದೀನಿ, ನಂಗ ಗೊತ್ತಾಗಬೇಕಿತ್ತಲ್ರಿ" ಅಂದಳು. ಆ ಮಾತನ್ನು ನಾನು ಅಲ್ಲಿಗೇ ಬಿಡಲಿಲ್ಲ. ಮೋಸ ಮಾಡುವವರು ದಡ್ಡರನ್ನು ಹುಡುಕುವುದಿಲ್ಲ, ತುರ್ತು ಇರುವವರನ್ನು ಹುಡುಕುತ್ತಾರೆ. ಅವಳಿಗೆ ತುರ್ತು ಇತ್ತು, ಅಷ್ಟೇ. ಇದನ್ನು ಒತ್ತಿ ಹೇಳಿದೆ. ಯಾಕೆಂದರೆ ತನ್ನ ಮೇಲೆ ತನಗೇ ನಾಚಿಕೆಯಾದ ಹುಡುಗರು ದೂರು ಕೊಡುವುದಿಲ್ಲ, ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಕಳೆದುಕೊಂಡದ್ದನ್ನು ವಾಪಸ್ ತರಬೇಕು ಅಂತ ಇನ್ನೂ ಕಟ್ಟುತ್ತಾ ಹೋಗುತ್ತಾರೆ.

ನಂತರ ಇಬ್ಬರೂ ಪತ್ರವನ್ನು ಮತ್ತೆ ಓದಿದೆವು. ಈ ಸಲ ಅವಳೇ ತಪ್ಪುಗಳನ್ನು ಹುಡುಕಲಿ ಅಂತ ಬಿಟ್ಟೆ. ಜಿಮೇಲ್ ವಿಳಾಸ ತಕ್ಷಣ ಕಂಡಿತು. ಬಳ್ಳಾರಿ ಏರ್‌ಪೋರ್ಟ್ ಮಾತ್ರ ಕಾಣಲಿಲ್ಲ. ಬಳ್ಳಾರಿ ಊರಿಗೆ ಪ್ರಯಾಣಿಕರ ವಿಮಾನ ಬರುವುದಿಲ್ಲ. ಬರುವುದು ಸಂಡೂರು ತಾಲೂಕಿನ ತೋರಣಗಲ್ಲು ಹತ್ತಿರದ ವಿದ್ಯಾನಗರ ನಿಲ್ದಾಣಕ್ಕೆ. ಅದು ಉಕ್ಕಿನ ಕಾರ್ಖಾನೆಯವರ ನಿಲ್ದಾಣ. 2017ರಲ್ಲಿ, ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯಡಿ ಅಲ್ಲಿ ಪ್ರಯಾಣಿಕ ವಿಮಾನ ಶುರುವಾಯಿತು, ನಡುನಡುವೆ ನಿಂತು ಮತ್ತೆ ನಡೆದಿದೆ. ಬರುವುದು ಸಣ್ಣ ವಿಮಾನಗಳು, ಅವೂ ಬೆರಳೆಣಿಕೆ. ಕೊಪ್ಪಳದ ಗಿಣಿಗೇರಿಯಲ್ಲಿರುವುದು ಖಾಸಗಿ ರನ್‌ವೇ. ಕಲಬುರಗಿ ನಿಲ್ದಾಣ 2019ರಲ್ಲಿ ಶುರುವಾಯಿತು, ಆದರೆ ಗಂಗಾವತಿಯಿಂದ ದಿನಾ ಹೋಗಿಬರುವ ದೂರವಲ್ಲ. ನಮ್ಮ ಕಡೆ ಇಂಥ ಕೆಲಸಗಳೇ ಕಡಿಮೆ. ಇದ್ದರೂ ನಾಲ್ಕು ತಾಸಿನವು ಅಲ್ಲ.

ಯಾಕೆ ಅಲ್ಲ ಅನ್ನುವುದು ಅವಳಿಗೆ ಸರಿಯಾಗಿ ಅರ್ಥವಾಗಬೇಕಿತ್ತು. ಸುಮ್ನೆ 'ಇಲ್ಲ' ಅಂದರೆ ಇನ್ನೊಂದು ಮೆಸೇಜಿಗೆ ಬೀಳುತ್ತಾಳೆ. ನಮ್ಮಲ್ಲಿ ಏರ್‌ಪೋರ್ಟಿನ ಒಳಗೆ ಕೆಲಸ ಮಾಡಲು ಪ್ರವೇಶ ಪಾಸ್ ಬೇಕು. ಅದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ನಿಯಮದಂತೆ ನಡೆಯುತ್ತದೆ. ಅರ್ಜಿ ಹಾಕುವುದು ಕಂಪನಿ, ಅಭ್ಯರ್ಥಿ ಅಲ್ಲ. ಹಿನ್ನೆಲೆ ತಪಾಸಣೆ ಆಗಬೇಕು, ಭದ್ರತಾ ತರಬೇತಿ ಮುಗಿಸಬೇಕು. ಇಷ್ಟೆಲ್ಲ ಮಾಡಿಸಿದ ಕಂಪನಿ ಪೂರ್ತಿ ಪಾಳಿ ಕೆಲಸವನ್ನೇ ಕೇಳುತ್ತದೆ. ಪಾಳಿಯೂ ಒಂದೇ ಥರ ಇರುವುದಿಲ್ಲ. ಈ ವಾರ ಬೆಳಗಿನ ಜಾವ, ಮುಂದಿನ ವಾರ ರಾತ್ರಿ. ಕಾಲೇಜಿನಲ್ಲಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. ಎರಡೂ ಒಟ್ಟಿಗೆ ನಡೆಯುವ ಮಾತೇ ಅಲ್ಲ. ಹಾಗಾಗಿ ಗೇಟ್ ಪಾಸಿಗೆ ದುಡ್ಡು ಕೊಡು ಅಂತ ಯಾರಾದರೂ ವಾಟ್ಸಾಪಿನಲ್ಲಿ ಕೇಳಿದರೆ, ಅಲ್ಲಿಗೆ ಮಾತು ಮುಗಿಯಿತು.

ಇಲ್ಲಿ ಒಂದು ಗೊಂದಲ ಬರುತ್ತದೆ. ಕೆಲಸಕ್ಕೆ ಎಲ್ಲಿಯೂ ಹಣ ಕಟ್ಟಬಾರದಾ? ವಿಮಾನ ಕಂಪನಿಗಳು ನೇಮಕಾತಿಗೆ ಹಣ ಕೇಳುವುದಿಲ್ಲ ಅಂತ ತಮ್ಮ ವೆಬ್‌ಸೈಟಿನಲ್ಲೇ ಎಚ್ಚರಿಸುತ್ತವೆ. ನಿಲ್ದಾಣಗಳ ಗ್ರೌಂಡ್ ಸ್ಟಾಫ್ ಕೆಲಸ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಎಐ ಏರ್‌ಪೋರ್ಟ್ ಸರ್ವಿಸಸ್‌ನಂಥ ಸಂಸ್ಥೆಯ ಪ್ರಕಟಣೆಗಳಲ್ಲಿ ಮಾತ್ರ 500 ರೂಪಾಯಿ ಅರ್ಜಿ ಶುಲ್ಕ ಇರುತ್ತದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಿನಾಯಿತಿ. ಅದನ್ನೂ ಸಂಸ್ಥೆಯ ಹೆಸರಿಗೆ ಡಿಡಿ ತೆಗೆದು ಕೊಡಬೇಕು. ಯಾರದೋ ಫೋನ್ ನಂಬರಿಗೆ ಕಳಿಸುವುದಲ್ಲ. ಈ ವ್ಯತ್ಯಾಸವನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಎರಡನೇ ಭೇಟಿಗೆ ಬರುವಷ್ಟರಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಈ ಹುಡುಗಿಯ ಹತ್ತಿರ ಎರಡು ಬೇರೆ ಬೇರೆ ಸಂಗತಿಗಳಿವೆ. ಮನೆಗೆ ಈಗಲೇ ನಾಲ್ಕು ಕಾಸು ಬೇಕು. ಮತ್ತೆ ಅವಳಿಗೆ ವಿಮಾನ ಅಂದರೆ ಪ್ರಾಣ. ಎರಡನ್ನೂ ಒಂದೇ ಕೆಲಸದಿಂದ ತೀರಿಸಬೇಕು ಅಂತ ಹೊರಟಾಗಲೇ ಆ ಪತ್ರ ಅವಳಿಗೆ ನಿಜ ಅನ್ನಿಸಿದ್ದು. ಅವನ್ನು ಬಿಡಿಸಿಟ್ಟರೆ ಎರಡಕ್ಕೂ ದಾರಿ ಇದೆ.

ದುಡ್ಡಿನದು ಮೊದಲು ನೋಡಿದೆವು. ಗಂಗಾವತಿ ಭತ್ತದ ಊರು. ಸುಗ್ಗಿಯಲ್ಲಿ ದಲಾಲಿ ಅಂಗಡಿ, ಮಿಲ್ಲುಗಳಿಗೆ ಲೆಕ್ಕ ಬರೆಯುವವರು, ಬಿಲ್ಲು ಹಾಕುವವರು ಬೇಕೇ ಬೇಕು. ಬಿ.ಕಾಂ. ಹುಡುಗಿಗೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬಂದರೆ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಸಂಜೆ ಹೊತ್ತು ಜಿಎಸ್‌ಟಿ ಎಂಟ್ರಿ ಕೆಲಸ ಸಿಗುತ್ತದೆ. ಅವಳಿಗೆ ಇದು ಸಪ್ಪೆ ಅನ್ನಿಸಿತು, ಮುಖದಲ್ಲೇ ಗೊತ್ತಾಯಿತು. ಆಗ ಆನೆಗೊಂದಿಯ ಮಾತು ತೆಗೆದೆ.

ಆನೆಗೊಂದಿ ಗಂಗಾವತಿ ತಾಲೂಕಿನದೇ. ಹಂಪಿ, ಅಂಜನಾದ್ರಿ ನೋಡಲು ಬರುವವರು ಆ ಕಡೆಯ ಹೋಂಸ್ಟೇಗಳಲ್ಲಿ ಉಳಿಯುತ್ತಾರೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಜನ ಜಾಸ್ತಿ. ಕುಟುಂಬದವರೇ ನಡೆಸುವ ಮನೆಗಳಿಗೆ ಶನಿವಾರ, ಭಾನುವಾರ ಹಗಲು ಹೊತ್ತಿನಲ್ಲಿ ಬಂದವರನ್ನು ಮಾತಾಡಿಸಲು, ರಿಜಿಸ್ಟರ್ ಬರೆಯಲು, ಬುಕಿಂಗ್ ನೋಡಿಕೊಳ್ಳಲು ಒಬ್ಬರು ಬೇಕಾಗುತ್ತಾರೆ. ದಣಿದು ಬಂದ ಪ್ರಯಾಣಿಕ ರೇಗುತ್ತಾನೆ, ರೂಮು ಸಿಗಲಿಲ್ಲ ಅಂತ ಜಗಳ ತೆಗೆಯುತ್ತಾನೆ. ಅವನ ಜೊತೆ ಇಂಗ್ಲಿಷ್, ಹಿಂದಿಯಲ್ಲಿ ಸಮಾಧಾನದಿಂದ ಮಾತಾಡುವುದು ಹೇಗೆ? ಚೆಕ್‌ಇನ್ ಕೌಂಟರಿನಲ್ಲಿ ನಿಂತವರು ದಿನಾ ಮಾಡುವುದೂ ಇದನ್ನೇ. ವಿಮಾನಯಾನದ ಕೋರ್ಸಿಗೆ ಲಕ್ಷಗಟ್ಟಲೆ ಕಟ್ಟುವುದಕ್ಕಿಂತ ಇದೇ ಮೇಲು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಗಗನಸಖಿ ಆಗಲು ಖಾಸಗಿ ಸಂಸ್ಥೆಯ ಡಿಪ್ಲೊಮಾ ಬೇಕು ಅಂತ ನಿಯಮವಿಲ್ಲ. ಆಯ್ಕೆಯಾದವರಿಗೆ ವಿಮಾನ ಕಂಪನಿಯೇ ತರಬೇತಿ ಕೊಡುತ್ತದೆ. 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅನ್ನುವ ಬೋರ್ಡು ನೋಡಿ ಹೊಲ ಅಡ ಇಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಅಪ್ಪನನ್ನು ಕರೆಸಿದ್ದು ಮೂರನೇ ಭೇಟಿಯಲ್ಲಿ, ಅವಳೇ ಒಪ್ಪಿದ ಮೇಲೆ. ಅವರು ಮಿಲ್ಲಿನಿಂದ ನೇರ ಬಂದಿದ್ದರು, ಹೆಗಲ ಮೇಲಿನ ಟವೆಲ್ಲಿನಲ್ಲಿ ತೌಡು ಹಾಗೇ ಇತ್ತು. ಕುರ್ಚಿಯಲ್ಲಿ ಕೂರಲು ಹಿಂದೇಟು ಹಾಕಿದರು. ಕಳೆದುಹೋದ ಹಣದ ಬಗ್ಗೆ ಮಗಳೇ ಹೇಳಿದಳು. ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಕಿ ಓದ್ಲಿ ಅಂತ ನಾ ಚೀಲ ಹೊತ್ತೀನ್ರಿ ಮೇಡಮ್ನೋರ. ಇಕಿ ದುಡೀಲಿ ಅಂತ ಅಲ್ರಿ" ಅಂದರು.

ಆಮೇಲೆ ಅವರ ಚಿಂತೆ ಹೊರಗೆ ಬಂತು. ಹೆಣ್ಣುಹುಡುಗಿ, ಬೆಂಗಳೂರು, ರಾತ್ರಿ ಪಾಳಿ, ನೆಂಟರು ಏನಂದಾರು. ಈ ಚಿಂತೆಯನ್ನು ಹಳೇ ಕಾಲದ್ದು ಅಂತ ತಳ್ಳಿಹಾಕುವುದು ಸರಿಯಲ್ಲ. "ಅಣ್ಣಾ, ನಿಮ್ಮ ಪ್ರಶ್ನೆ ಸರಿ ಇದೆ. ಅದನ್ನು ಮಗಳಿಗಲ್ಲ, ಕೆಲಸ ಕೊಡುವವರಿಗೆ ಕೇಳೋಣ" ಅಂದೆ. ರಾತ್ರಿ ಪಾಳಿಗೆ ಮನೆಯಿಂದ ಕರೆದುಕೊಂಡು ಹೋಗಿ ಬಿಡಲು ಕಂಪನಿ ಗಾಡಿ ಇದೆಯಾ? ಒಪ್ಪಂದ ಎಷ್ಟು ವರ್ಷದ್ದು? ನಡುವೆ ಬಿಟ್ಟರೆ ಹಣ ಕಟ್ಟಬೇಕಾ? ದೇವನಹಳ್ಳಿ ಕಡೆ ರೂಮಿನ ಬಾಡಿಗೆ, ಊಟ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ? ಈ ಪ್ರಶ್ನೆಗಳನ್ನು ಅಪ್ಪ, ಮಗಳು ಕೂಡಿ ಬರೆದರು. ಅಪ್ಪ ಹೇಳುತ್ತಾ ಹೋದರು, ಅವಳು ಬರೆದಳು. ಆ ದಿನದ ಭೇಟಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ನಾನೇನೂ ಮಾಡಲಿಲ್ಲ.

ಡಿಗ್ರಿ ಮುಗಿಯುವ ತನಕ ಏನೇನು ಮಾಡಬೇಕು ಅನ್ನುವುದು ಹೀಗೆ ತೀರ್ಮಾನವಾಯಿತು. ಹಾಜರಾತಿ ಮೊದಲು ಸರಿಯಾಗಬೇಕು. ಗ್ರೌಂಡ್ ಸ್ಟಾಫಿನಲ್ಲಿ ಪಿಯುಸಿಗೆ ಸಿಗುವ ಹುದ್ದೆಗಳಿವೆ, ಆದರೆ ಪದವಿ ಇದ್ದವರಿಗೆ ಮೇಲಿನ ಹುದ್ದೆಗೆ ಅರ್ಜಿ ಹಾಕಬಹುದು. ಒಂದೂವರೆ ವರ್ಷ ಕಾದರೆ ನಷ್ಟವಿಲ್ಲ. ಗಗನಸಖಿ ಹುದ್ದೆಗೆ ಪಿಯುಸಿ ಸಾಕು, ಹದಿನೆಂಟು ತುಂಬಿರಬೇಕು, ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 155 ಸೆಂ.ಮೀ. ಎತ್ತರ ಕೇಳುತ್ತಾರೆ. ಗೋಡೆಗೆ ನಿಲ್ಲಿಸಿ ಅಳೆದೆವು, ಅವಳದು ಸ್ವಲ್ಪ ಕಡಿಮೆ. ಬೇಜಾರಾಯಿತು. ಆದರೆ ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಗ್ರೌಂಡ್ ಸ್ಟಾಫ್ ಕಡೆಗೇ ಗಮನ ಕೊಡು ಅಂದೆ.

ಇನ್ನೊಂದು ಕೆಲಸ ನಮ್ಮ ಕಡೆಯ ಎಲ್ಲ ಮಕ್ಕಳೂ ಮಾಡಿಕೊಳ್ಳಬೇಕಾದದ್ದು. ಅವಳ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರಿದೆ, ಆಧಾರಿನಲ್ಲಿ ಮನೆತನದ ಅಡ್ಡಹೆಸರು ಇದೆ. ಊರಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಹಿನ್ನೆಲೆ ತಪಾಸಣೆಯಲ್ಲಿ ಮಾತ್ರ ಇದೇ ಕಾಲಿಗೆ ತೊಡರುತ್ತದೆ. ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಈಗಲೇ ತಿದ್ದಿಸಿಕೊಳ್ಳಲು ಹೇಳಿದೆ. ಅದು ಮುಗಿದ ಮೇಲೆ ಪಾಸ್‌ಪೋರ್ಟ್, ಅದಕ್ಕೆ 1,500 ರೂಪಾಯಿ ಶುಲ್ಕ.

ಕಳೆದ ಹಣ ಇನ್ನೂ ಬಂದಿಲ್ಲ, ದೂರಿನ ಸಂಖ್ಯೆ ಅವಳ ಹತ್ತಿರ ಇದೆ. ಈಗ ವಾರದ ಕೊನೆಯಲ್ಲಿ ಆನೆಗೊಂದಿ ಕಡೆಯ ಒಂದು ಹೋಂಸ್ಟೇಗೆ ಹೋಗುತ್ತಿದ್ದಾಳೆ. ಅಪ್ಪ ಮೊದಲು ತಾವೇ ಹೋಗಿ ಆ ಮನೆಯವರನ್ನು ಮಾತಾಡಿಸಿ ಬಂದರು. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ, ಸಂಜೆ ಕತ್ತಲಾಗುವ ಮೊದಲು ಮನೆ ಸೇರಬೇಕು ಅನ್ನುವುದು ಅವರಿಬ್ಬರ ಒಪ್ಪಂದ. ಸಿಗುವುದು ದೊಡ್ಡ ದುಡ್ಡಲ್ಲ. ತಮ್ಮನ ಟ್ಯೂಷನ್ ಫೀಸು ಅವಳೇ ಕಟ್ಟುತ್ತಿದ್ದಾಳೆ. ಹೋದ ಸಲ ಬಂದಾಗ ಹಿಂದಿ ಇನ್ನೂ ತಡವರಿಸುತ್ತದೆ ಅಂದಳು. ದಿನಾ ಅರ್ಧ ತಾಸು ಮಾತಾಡಿ ರೂಢಿ ಮಾಡಿಕೊಳ್ಳಲು ಹೇಳಿದ್ದೇನೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮತ್ತೆ ಬರುತ್ತಾಳೆ, ಆಗ ರೆಸ್ಯೂಮೆ ಬರೆಯಲು ಶುರು ಮಾಡುತ್ತೇವೆ.